ಹದಿನೈದು ಚೀಲ ನೀರು

ನೀರಿನ ಟ್ಯಾಂಕು ಆರಿಸುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಹುನಗುಂದ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಕಾಳಿನ ಅಂಗಡಿಯಲ್ಲಿ ಹನ್ನೆರಡು ವರ್ಷ ತೂಕ ಹಾಕಿ, ಆ ಕೆಲಸ ಬಿಟ್ಟು, ರಭಸದ ನೀರು ಹಾರಿಸಿ ವಾಹನ ತೊಳೆಯುವ ಮಷೀನು ಕೊಂಡಿದ್ದೆ. ಅದನ್ನು ಸಣ್ಣ ಗೂಡ್ಸ್ ಗಾಡಿಯ ಮೇಲೆ ಕೂರಿಸಿ, ಕರೆದವರ ಬಾಗಿಲಿಗೇ ಹೋಗಿ ತೊಳೆದು ಬರುವ ಉದ್ಯೋಗ. ಚೊಳಚಗುಡ್ಡದ ಕಡೆ ಶಾಲೆಯ ಬಸ್ಸು ಓಡಿಸುವ ಮಾಲಕರೊಬ್ಬರು, ನಾಲ್ಕು ಬಸ್ ತೊಳೆದು ತೋರಿಸಿರಿ, ಮನಸ್ಸಿಗೆ ಬಂದರೆ ವರ್ಷಪೂರ್ತಿ ಕೆಲಸ ನಿಮಗೇ ಎಂದು ಫೋನಿನಲ್ಲಿ ಹೇಳಿದ್ದರು. ಅದು ತಪ್ಪಿದರೆ ನಾನು ಮತ್ತೆ ತಕ್ಕಡಿಯ ಮುಂದೆ ನಿಲ್ಲಬೇಕಿತ್ತು. ಅಲ್ಲಿ ಆಗಲೇ ಬೇರೊಬ್ಬ ನಿಂತಿದ್ದ.

ಐನೂರು ಲೀಟರಿನ ಟ್ಯಾಂಕು ಸಾಕು ಎಂದು ಅಂಗಡಿಯವನು ಹೇಳಿದ. ನನ್ನ ಹೆಂಡತಿ ಶಾಂತವ್ವನೂ ಅದನ್ನೇ ಹೇಳಿದಳು. ನನಗೆ ಇಬ್ಬರ ಮೇಲೂ ಕನಿಕರ ಬಂತು. ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ. ಬಂದ ದಿನ ಕೊಡ, ಬಕೆಟ್, ಚರಿಗೆ, ಕೊನೆಗೆ ಚಹಾದ ಪಾತೇಲಿಯನ್ನೂ ಬಿಡದೆ ತುಂಬಿಡುವ ಜನ ನಾವು. ಇಂಥ ಊರಿನಲ್ಲಿದ್ದು ಸಣ್ಣ ಟ್ಯಾಂಕು ತಂದವನನ್ನು ಯಾರಾದರೂ ಮನುಷ್ಯ ಎನ್ನುತ್ತಾರೆಯೇ? ಒಂದೂವರೆ ಸಾವಿರ ಲೀಟರಿನದನ್ನೇ ತಂದೆ. ನಳ ಬಂದ ದಿನ ಬಾಯಿಮಟ ತುಂಬಿಸಿದೆ.

ಗಾಡಿಯ ಹಿಂಭಾಗ ಎಮ್ಮೆ ಮಲಗಿದಂತೆ ಕುಳಿತುಬಿಟ್ಟಿತು. ಹೊಸದರಲ್ಲಿ ಹೀಗೇ ಎಂದೆ. ಗಾಡಿ ಹತ್ತು ವರ್ಷದ್ದು ಎಂದು ಶಾಂತವ್ವ ನೆನಪಿಸಿ, ನನ್ನ ಪಕ್ಕ ಹತ್ತಿ ಕುಳಿತಳು.

ಅಮೀನಗಡದವರೆಗೆ ಹೇಗೋ ಬಂದೆವು. ಮುಂದೆ ಏರಿನಲ್ಲಿ ನಾನು ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿ ನೇರ ಹೋಯಿತು. ಮುಂದಿನ ಗಾಲಿಗಳು ನೆಲವನ್ನೇ ಬಿಟ್ಟಿದ್ದವು! ಜೀವ ಕೈಯಲ್ಲಿ ಹಿಡಿದು ನಿಲ್ಲಿಸಿದೆ. ಶಾಂತವ್ವ ಇಳಿದು ಗಾಡಿಯನ್ನು ಒಂದು ಸುತ್ತು ಹಾಕಿ ಕೇಳಿದಳು.

“ಕ್ವಿಂಟಲ್ಲಿನ ಹದಿನೈದು ಚೀಲ ಜ್ವಾಳ ಇದ್ದಿದ್ರ ಈ ಗಾಡಿ ಮ್ಯಾಲ ಹೇರ್ತಿದ್ರೇನ್ರಿ?”

“ಹುಚ್ಚೇನ ನಿನಗ? ಏಳು ಚೀಲಕ್ಕ ಇದರ ಜೀವ ಹೋಗ್ತೈತಿ.”

“ಒಂದ್ ಲೀಟರ್ ನೀರು ಒಂದ್ ಕಿಲೋ. ತೂಕ ನೀವ ಹಾಕ್ರಿ.”

ಹನ್ನೆರಡು ವರ್ಷ ತೂಕ ಹಾಕಿದವನಿಗೆ ನೀರಿಗೂ ತೂಕವಿದೆ ಎಂಬುದು ಹೊಳೆದಿರಲಿಲ್ಲ! ಹೊಳೆಯುವುದಾದರೂ ಹೇಗೆ? ಮನೆಯಲ್ಲಿ ಕೊಡ ಹೊರುವವಳು ಅವಳು. ನಳ ಬಂತು ಎಂದು ಕೂಗುವವನು ನಾನು. ಕತ್ತೆತ್ತಿ ಟ್ಯಾಂಕನ್ನು ನೋಡಿದೆ. ಗುಡಿಯ ಮುಂದೆ ನಿಂತಂತೆ ಮೈ ಜುಮ್ಮೆಂದಿತು.

ಅರ್ಧ ನೀರು ಬಿಟ್ಟೆ. ದಾರಿಯಲ್ಲಿ ಹೊರಟಿದ್ದ ಕುರಿ ಹಿಂಡು ನಿಂತು ಕುಡಿಯಿತು. ಕುರಿ ಕಾಯುವ ಅಜ್ಜ ನನ್ನನ್ನು ಪುಣ್ಯಾತ್ಮ ಎಂದ. ಆದರೆ ತುಂಬಿದ ಟ್ಯಾಂಕಿಗಿಂತ ಅರ್ಧ ಟ್ಯಾಂಕು ಖತರ್ನಾಕ್. ಇಳಿಜಾರಿನಲ್ಲಿ ನಾನು ಬ್ರೇಕ್ ಹಾಕಿದೆ. ನೀರು ಹಾಕಲಿಲ್ಲ! ಅದು ಹಿಂದಿನಿಂದ ಧಡಾರನೆ ಬಂದು ಗುದ್ದಿದ ರಭಸಕ್ಕೆ ಗಾಡಿ ನಾಲ್ಕು ಮಾರು ಮುಂದೆ ಹೋಗಿ ಜಾಲಿಕಂಟಿಗೆ ಮೂತಿ ಇಟ್ಟು ನಿಂತಿತು. ಮುಷ್ಟಿಯಲ್ಲಿ ಹಿಡಿದರೆ ಸೋರಿಹೋಗುವ ವಸ್ತುವಿಗೆ ಅದೆಂಥ ಬಲ! ಉಳಿದ ನೀರನ್ನೂ ಕೈಮುಗಿದು ಬಿಟ್ಟುಬಿಟ್ಟೆ.

ಬಸ್ಸಿನ ಶೆಡ್ಡು ಮುಟ್ಟಿದಾಗ ಮಾಲಕರು ನಮ್ಮ ಟ್ಯಾಂಕಿನ ಗಾತ್ರ ನೋಡಿ ಭಾಳ ಖುಷಿಪಟ್ಟರು. ತಯಾರಿ ಎಂದರೆ ಇದು ಎಂದರು. ಅದರಲ್ಲಿ ಹನಿ ನೀರಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ವರ್ಷದ ಕೆಲಸ ಕೈತಪ್ಪಿತು ಎಂದುಕೊಂಡು ಪೈಪಿನ ಸುರುಳಿ ಬಿಚ್ಚತೊಡಗಿದೆ.

ಅಷ್ಟರಲ್ಲಿ ಶಾಂತವ್ವ ಶೆಡ್ಡಿನ ಹಿಂದೆ ಬೋರು ಇರುವುದನ್ನು ನೋಡಿ, ಮಾಲಕರನ್ನು ಕೇಳಿ ಒಂದು ಬ್ಯಾರಲ್ ಉರುಳಿಸಿಕೊಂಡು ಬಂದಿದ್ದಳು. ಬೋರಿನ ನೀರು ಬ್ಯಾರಲ್ಲಿಗೆ, ಬ್ಯಾರಲ್ಲಿನಿಂದ ಮಷೀನಿಗೆ. ಒಂದು ಬಸ್ಸಿಗೆ ಒಂದು ಬ್ಯಾರಲ್ ನೀರೂ ಹಿಡಿಯಲಿಲ್ಲ! ಬಸ್ಸಿಗೆ ಮೆತ್ತಿದ್ದ ಎರೆಮಣ್ಣು ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಬಿದ್ದು ಒಳಗಿನ ಹಳದಿ ಹೊರಬರುವುದನ್ನು ನಾನು ಬಾಯಿ ತೆರೆದು ನೋಡಿದೆ. ಪೈಪು ಯಾವಾಗಲೋ ಅವಳ ಕೈಗೆ ಹೋಗಿತ್ತು.

ನಾಲ್ಕನೆಯ ಬಸ್ಸು ಮುಗಿದಾಗ ಮಾಲಕರು ಡೈರಿ ತೆಗೆದರು. ನಾನು ಮುಂದೆ ಬಂದು ಗಂಟಲು ಸರಿಮಾಡಿಕೊಂಡೆ. ಅವರು ಶಾಂತವ್ವನ ಹೆಸರು ಕೇಳಿ ಬರೆದುಕೊಂಡು, ವರ್ಷದ ಕೆಲಸ ನಿಮಗೇ ಎಂದು ಅವಳಿಗೆ ಹೇಳಿ, ಆಮೇಲೆ ನನ್ನ ಕಡೆ ಪೆನ್ನು ತೋರಿಸಿದರು.

“ಮತ್ತ ಇವ್ರ ಕೆಲಸ ಏನ್ರಿ, ಅಕ್ಕಾರ?”

ಶಾಂತವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

“ಸದ್ಯಕ್ಕ ಡ್ರೈವರ್ರಿ.”