ಗೊತ್ತಣ್ಣನ ಲಾರಿಗೆ ಜ್ವರದ ಕಡ್ಡಿ

"ಈ ಲಾರಿಗೆ ಇನ್ನೊಬ್ಬರ ಸ್ಪ್ಯಾನರ್ ತಾಗಿದ ದಿನ ನಾನು ಸ್ಟೇರಿಂಗ್ ಮುಟ್ಟೋದೇ ಬಿಡ್ತೀನಿ!"

ಬೆಳಗಿನ ಒಂಬತ್ತು ಗಂಟೆಗೆ ಮನೆ ಮುಂದೆ ನಿಂತು ಹೀಗೆ ಪ್ರತಿಜ್ಞೆ ಮಾಡಿದವನು ಗೊತ್ತಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಯಾರು ಏನು ಹೇಳಹೊರಟರೂ ಅವರ ಮಾತು ಮುಗಿಯುವ ಮೊದಲೇ "ಗೊತ್ತು, ಗೊತ್ತು" ಎನ್ನುವ ಡ್ರೈವರನ್ನು ಲೋಡಿಂಗ್ ಯಾರ್ಡಿನವರು ಇನ್ನೇನೆಂದು ಕರೆಯಬೇಕು?

ಹೋದ ತಿಂಗಳು ಬೆಟ್ಟದ ಏರಿನಲ್ಲಿ ಇಂಜಿನ್ನಿನ ಹೊಗೆ ಮಿತಿಮೀರಿ ಕಾದು, ಇಂಜಿನ್ನಿಗೆ ಗಾಳಿ ಊದುವ ಟರ್ಬೊ ಸುಟ್ಟುಹೋಗಿತ್ತು. ಹೊಗೆಯ ಬಿಸಿ ತೋರಿಸುವ ಮೀಟರ್ ಹಾಕಿಸುವ ತನಕ ಲಾರಿ ಬೆಟ್ಟ ಹತ್ತಕೂಡದೆಂದು ಹೆಂಡತಿ ಕಟ್ಟಾಜ್ಞೆ ಹೊರಡಿಸಿದ್ದಳು. ಮೀಟರ್ ಈಗ ಬಂದಿತ್ತು. ಬೆಟ್ಟದಾಚೆಗೆ ಹೋಗಬೇಕಾದ ಹೆಂಚಿನ ಲೋಡೂ ಕಾದಿತ್ತು. ಮಧ್ಯಾಹ್ನ ಮೂರು ಗಂಟೆಯೊಳಗೆ ಯಾರ್ಡಿಗೆ ಹೋಗದಿದ್ದರೆ ಲೋಡು ಇನ್ನೊಬ್ಬನ ಲಾರಿಗೆ!

"ನನ್ನ ತಮ್ಮನ್ನ ಕರೀಲಾ? ಮೆಕ್ಯಾನಿಕ್ಕು, ಅರ್ಧ ಗಂಟೇಲಿ ಮುಗಿಸ್ತಾನೆ."

"ಅರ್ಧ ಗಂಟೆ ಕೆಲಸ ಮಾಡಿ ಆರು ತಿಂಗಳು ನಗ್ತಾನೆ! ಜ್ವರ ನೋಡೋ ಕಡ್ಡೀನ ಬಾಯಲ್ಲಿ ಇಡೋಕೂ ಡಾಕ್ಟರ್ ಬೇಕೇನೇ?"

"ಬಾಯಿ ಇದ್ದಿದ್ರೆ ಬೇಡವಾಗಿತ್ತು. ಇಲ್ಲಿ ಬಾಯೀನೂ ನೀವೇ ಕೊರೀಬೇಕು. ಡಬ್ಬೀಲಿರೋ ಕಾಗದ ಆದ್ರೂ ಓದ್ರೀ."

"ಗೊತ್ತು, ಗೊತ್ತು."

ಅವಳು ಒಳಗೆ ಹೋದಳು. ನೀರು ಕುಡಿಯಲು ಬಂದಾಗಲಾದರೂ ಕಣ್ಣಿಗೆ ಬೀಳಲಿ ಎಂದು ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಡಿ ಸಿಕ್ಕಿಸಿದಳು.

ಟರ್ಬೊ ಸೇರುವ ಮೊದಲು ಹೊಗೆ ಹಾಯುವ ದಪ್ಪ ಕಬ್ಬಿಣದ ಕೊಳವೆಗೆ ತೂತು ಕೊರೆದು ಮೀಟರಿನ ಬಿಸಿ ಅಳೆಯುವ ಕಡ್ಡಿ ಕೂರಿಸಬೇಕು. ಕಬ್ಬಿಣದ ಪುಡಿ ಒಳಗೆ ಬಿತ್ತೋ, ಹೊಸ ಟರ್ಬೊಗೂ ಹಳೆಯದರ ಗತಿ. ಅದಕ್ಕೇ ಡ್ರಿಲ್ಲಿನ ಮೂತಿಗೆ ಗ್ರೀಸ್ ಮೆತ್ತಬೇಕು, ಪುಡಿ ಅಂಟಿಕೊಳ್ಳುತ್ತದೆ. ಇಂಜಿನ್ ಚಾಲೂ ಇರಬೇಕು, ಉಳಿದ ಪುಡಿಯನ್ನು ಹೊಗೆಯೇ ಹೊರಕ್ಕೆ ಊದುತ್ತದೆ. ಇವೆಲ್ಲ ಗೊತ್ತಣ್ಣನಿಗೆ ನಿಜವಾಗಿಯೂ ಗೊತ್ತಿತ್ತು! ಹೊಗೆ ಊದುವ ಕಡೆಗೆ ಮುಖ ಇಡಬಾರದೆಂಬುದೊಂದು ಮಾತ್ರ ಗೊತ್ತಿರಲಿಲ್ಲ.

ಪುಡಿ ಹಿಡಿಯಲು ಅಯಸ್ಕಾಂತವೂ ಇರಲೆಂದು ಗ್ರೀಸ್ ಕೈಯಲ್ಲೇ ಅಡುಗೆಮನೆಗೆ ನುಗ್ಗಿದ. ಫ್ರಿಜ್ಜಿನಿಂದ ಅಯಸ್ಕಾಂತ ಕಿತ್ತಾಗ ಕಾಗದವೊಂದು ಜಾರಿ ಕೈಗೆ ಬಂತು. ಕೈ ಒರೆಸಲು ಒಳ್ಳೆಯದೇ ಆಯಿತೆಂದು ಜೇಬಿಗೆ ತುರುಕಿದ.

ಡ್ರಿಲ್ಲು ಗುರ್ರೆಂದಿತು. ಕಬ್ಬಿಣ ಕಿರ್ರೆಂದಿತು. ತೂತು ಆಚೆ ತೆರೆಯಿತು. ಭುಸ್! ಹೊಗೆ, ಮಸಿ, ಗ್ರೀಸು, ಪುಡಿ ಎಲ್ಲವೂ ಒಟ್ಟಾಗಿ ಬಂದು ಮಹಾವೀರನ ಮುಖಕ್ಕೆ ಅಭಿಷೇಕ ಮಾಡಿದವು.

"ಅಯ್ಯೋ! ಏನಾಯ್ತು?" ಹೆಂಡತಿ ಓಡಿಬಂದಳು.

"ಏನಿಲ್ಲ. ಪುಡಿ ಹೊರಗೆ ಬಂತು. ಲೆಕ್ಕಾಚಾರ ಸರಿಯಾಗಿದೆ."

"ಮುಖಕ್ಕೆ ಮಸಿ ಬಳ್ಕೊಳ್ಳೋದೂ ಲೆಕ್ಕಾಚಾರದಲ್ಲಿತ್ತಾ?"

ಇಂಜಿನ್ ನಿಲ್ಲಿಸಿ, ಜೇಬಿನ ಕಾಗದದಲ್ಲೇ ಮುಖ ಒರೆಸಿಕೊಂಡು, ತೂತಿನೊಳಗೆ ತಿರುಪಿನ ಗೆರೆ ಕೊರೆದು ಕಡ್ಡಿ ತಿರುಗಿಸಿ ಬಿಗಿದ. ಕಡ್ಡಿಯಿಂದ ಬಂದ ತಂತಿಗಳು ಎರಡು: ಒಂದು ಕೆಂಪು, ಒಂದು ಹಳದಿ. ಇಪ್ಪತ್ತೈದು ವರ್ಷ ಬ್ಯಾಟರಿಯೊಂದಿಗೆ ಸಂಸಾರ ಮಾಡಿದವನಿಗೆ ಕೆಂಪು ಅಂದರೆ ಪ್ಲಸ್ ಎಂದು ಹೇಳಿಕೊಡಬೇಕೆ? ಮೀಟರಿನ ಪ್ಲಸ್ಸಿಗೆ ಕೆಂಪನ್ನು ಜೋಡಿಸಿ, ಇಂಜಿನ್ ಚಾಲೂ ಮಾಡಿ ಎಕ್ಸಲರೇಟರ್ ತುಳಿದ.

ಮುಳ್ಳು ಸೊನ್ನೆಯಿಂದ ಕೆಳಕ್ಕೆ ಇಳಿಯಿತು!

"ನೋಡೇ, ಇಂಜಿನ್ ಎಷ್ಟು ತಣ್ಣಗಿಟ್ಟಿದೀನಿ!"

"ಹೌದಾ? ಹಾಗಾದ್ರೆ ಕೊಳವೆ ಮೇಲೆ ಕೈ ಇಡಿ."

ಗೊತ್ತಣ್ಣ ಕೈ ಇಡಲಿಲ್ಲ. ಇನ್ನಷ್ಟು ತುಳಿದ. ಮುಳ್ಳು ಇನ್ನಷ್ಟು ಇಳಿದು ಮೂಲೆ ಹಿಡಿದು ಕೂತಿತು. ಕಡ್ಡಿ ಬಿಚ್ಚಿ ಮತ್ತೆ ಹಾಕಿದ. ಮೀಟರಿಗೆ ಮೊಟಕಿದ. ಬೈದ. ಕೊನೆಗೆ ಗಡಿಯಾರ ನೋಡಿದ. ಎರಡೂಕಾಲು.

"ಕರಿ," ಎಂದ, ಲಾರಿಯ ಚಕ್ರದ ಕಡೆ ನೋಡುತ್ತ.

"ಯಾರನ್ನ?"

"ನಿನಗೆ ಗೊತ್ತು!"

ಪಕ್ಕದ ಬೀದಿಯ ಗ್ಯಾರೇಜಿನಿಂದ ಭಾವಮೈದ ಐದೇ ನಿಮಿಷದಲ್ಲಿ ಬಂದ. ಭಾವನ ಮುಖ ನೋಡಿ ನಗು ನುಂಗಿಕೊಂಡು, ಮೀಟರಿನ ಹಿಂದೆ ಬಗ್ಗಿ ಎರಡೂ ತಂತಿಗಳನ್ನು ಅದಲುಬದಲು ಮಾಡಿದ. ಮುಳ್ಳು ಗಂಭೀರವಾಗಿ ಮೇಲೇರತೊಡಗಿತು.

"ಸ್ಪ್ಯಾನರ್ ಮುಟ್ಟಲಿಲ್ಲ ಭಾವ, ಉಗುರಲ್ಲೇ ಬಿಚ್ಚಿದೆ. ಅಕ್ಕ ಫೋನಲ್ಲಿ ಹೇಳಿದ ನಿಮ್ಮ ಪ್ರತಿಜ್ಞೆಗೆ ಭಂಗ ಇಲ್ಲ. ಈ ಜಾತಿ ಮೀಟರಲ್ಲಿ ಕೆಂಪೇ ಮೈನಸ್ಸು. ಕಾಗದ ಓದಲಿಲ್ವಾ?"

"ಓದ್ದೆ, ಓದ್ದೆ. ಕಾಗದದಲ್ಲಿ ಅದೆಲ್ಲ ಇರಲಿಲ್ಲ."

ಹೆಂಡತಿ ಕೈಚಾಚಿ ಗಂಡನ ಜೇಬಿನಿಂದ ಆ ಮುದ್ದೆಯನ್ನು ಎಳೆದು ಬಿಡಿಸಿದಳು. ಮಸಿಯ ನಡುವೆ ದಪ್ಪಕ್ಷರದ ಸಾಲೊಂದು ಉಳಿದಿತ್ತು: 'ಎಚ್ಚರಿಕೆ! ಕೆಂಪು ತಂತಿ ಮೈನಸ್.' ಅದರ ಪಕ್ಕದಲ್ಲೇ, ಗೆರೆಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ, ಗ್ರೀಸಿನ ಗುರುತೊಂದು ಮೂಡಿತ್ತು.

ಅವಳು ಅದನ್ನು ತಮ್ಮನ ಮುಂದೆ ಹಿಡಿದಳು.

"ನಿಮ್ಮ ಭಾವ ಸುಳ್ಳು ಹೇಳ್ತಾರೆ ಅಂದ್ಕೋಬೇಡ ಕಣೋ. ಓದಿದ್ದಾರೆ. ನೋಡು, ಹೆಬ್ಬೆಟ್ಟು ಒತ್ತಿದ್ದಾರೆ!"