ಹಿತ್ತಲ ಗೇಟಿನಿಂದ ಹೂವಿಗೆ ಬಂದವರು

ಬಾಡಿಗೆ ಮನೆಯ ಮುಂದಿನ ಕೋಣೆಗೆ 'ಮನಶ್ಶಾಸ್ತ್ರಜ್ಞ' ಎಂದು ಬೋರ್ಡು ಹಾಕಿದವನನ್ನು ಅವಮಾನಗಳು ತಾವಾಗಿ ಹುಡುಕಿಕೊಂಡು ಬರುತ್ತವೆ. ಅರವತ್ತರ ದಶಕದ ಜಯನಗರದಲ್ಲಂತೂ ಬೆಳಗಿನ ಕಾಫಿಗೆ ಮೊದಲೇ ಬರುತ್ತಿದ್ದವು. ಕೈ ಚಾಚಿ ಭವಿಷ್ಯ ಕೇಳುವವರು, ತಪ್ಪಿಸಿಕೊಂಡ ಎಮ್ಮೆ ಯಾವ ದಿಕ್ಕಿಗೆ ಹೋಯಿತೆಂದು ಕೇಳುವವರು. ಎರಡೂ ನನ್ನ ಕೆಲಸವಲ್ಲ ಎಂದರೆ, "ಮತ್ತೆ ಬೋರ್ಡ್ ಯಾತಕ್ಕೆ ಸ್ವಾಮಿ?" ಎಂದು ನನ್ನನ್ನೇ ಗದರುತ್ತಿದ್ದರು.

ಮನೇಲಿ ಯಾರಿಗೆ?

"ಈ ಕೆಲಸಕ್ಕೆ ಯಾಕೆ ಬಂದ್ರಿ? ಮನೇಲಿ ಯಾರಿಗಾದ್ರೂ…?" ಎಂದು ತಲೆಯ ಪಕ್ಕ ಬೆರಳು ತಿರುಗಿಸದವರನ್ನು ನಾನು ಕಂಡಿಲ್ಲ. ಹೊಟ್ಟೆನೋವಿನ ಡಾಕ್ಟರನ್ನು ಯಾರಾದರೂ "ನಿಮ್ಮ ಮನೇಲಿ ಯಾರಿಗೆ ಭೇದಿ?" ಎಂದು ಕೇಳುತ್ತಾರೆಯೇ?

ಕಾರಣ ಇದ್ದದ್ದು ನಿಜ. ನಾನು ಕಾಲೇಜಿನಲ್ಲಿದ್ದಾಗ ನನ್ನ ಸೋದರತ್ತೆ, ಗಂಡ ತೀರಿಕೊಂಡ ಮೇಲೆ ಮಾತು ಬಿಟ್ಟರು. ವಸಂತಪುರದಿಂದ ತಾಯಿತ ತಂದು ಕಟ್ಟಿದರು, ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ನೆಂಟರೆಲ್ಲ ಸುತ್ತ ಕೂತು ದಿನವಿಡೀ ಬುದ್ಧಿ ಹೇಳಿದರು. ನಿನಗೇನು ಬೇಕು ಎಂದು ಒಬ್ಬರೂ ಕೇಳಲಿಲ್ಲ! ಕೊನೆಗೆ ನಾನು ಕೇಳಿದೆ.

"ಇವರೆಲ್ಲ ಅವರವರ ಮನೆಗೆ ಹೋದ್ರೆ ಸ್ವಲ್ಪ ಅಳ್ತಿದ್ದೆ ಕಣೋ," ಎಂದರು ಅತ್ತೆ.

ಎಲ್ಲರನ್ನೂ ಎಬ್ಬಿಸಿ ಕಳಿಸಿದೆ. ಮಾರನೆಯ ದಿನ ಅತ್ತೆ ಮಾತಾಡಿದರು. ಆದರೆ ಊಟಕ್ಕೆ ಎಲೆ ಹಾಕುವ ಹೊತ್ತಿಗೇ ಎಬ್ಬಿಸಿದನಲ್ಲ ಎಂದು ನನ್ನ ದೊಡ್ಡಪ್ಪ ಮಾತು ಬಿಟ್ಟರು.

ಉಪ್ಪಿಟ್ಟು

ಅರೆಕೆರೆಯಿಂದ ಒಂದು ಸಂಸಾರ, ಮಾತೇ ಆಡದ ಮಗನನ್ನು ಕರೆತಂದಿತು. ಹೆಸರು ಕೇಳಿದರೆ ಅಪ್ಪ ಹೇಳಿದ. ನಿದ್ದೆ ಬರುತ್ತದೆಯೇ ಎಂದರೆ ಅಜ್ಜಿ ಹೇಳಿದಳು. ಸಿಟ್ಟು ಬಂದು ಎಲ್ಲರನ್ನೂ ಹೊರಗೆ ಹಾಕಿದೆ. "ತಿಂಡಿಗೆ ಏನಪ್ಪಾ ಇಷ್ಟ?" ಎಂದರೆ ಕಿಟಕಿಯಿಂದ ತಾಯಿ ಕೂಗಿದಳು: "ಉಪ್ಪಿಟ್ಟು ಅನ್ನೋ!"

ಕಿಟಕಿ ಮುಚ್ಚಿದೆ. ಆತ ನಿಧಾನವಾಗಿ ಬಾಯಿ ತೆರೆದ. "ಸಾರ್, ನಂಗೆ ಉಪ್ಪಿಟ್ಟು ಕಂಡ್ರೆ ಆಗಲ್ಲ."

ಮುಂದಿನ ವಾರ ಅಪ್ಪ ಜಗಳಕ್ಕೇ ಬಂದ. "ಮಾತು ಬರ್ಸಿ ಅಂದ್ರೆ ಎದುರುತ್ತರ ಕೊಡೋದು ಕಲಿಸಿದ್ದೀರಲ್ಲ ಸ್ವಾಮಿ!"

ಹೂವಿನ ಬುಟ್ಟಿ

ಇದನ್ನು ಇದರಲ್ಲಿ ಬರುವ ದಂಪತಿಗಳೇ ಬೀದಿಗೆಲ್ಲ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನನ್ನ ಬಾಯಿಂದ ಬರುತ್ತಿರಲಿಲ್ಲ.

ಸಾರಕ್ಕಿಯಲ್ಲಿ ಗದ್ದೆ ಮಾರಿ ಜಯನಗರದಲ್ಲಿ ಮನೆ ಕಟ್ಟಿಸಿದ್ದ ನನ್ನ ಓನರು ಒಂದು ದಿನ ಬಂದು, "ಹುಚ್ಚರು ಬರೋ ಮನೆ ಅಂತ ಪಕ್ಕದ ಪೋರ್ಷನ್‌ಗೆ ಯಾರೂ ಬರ್ತಿಲ್ಲ. ತಿಂಗಳ ಕೊನೆಗೆ ಖಾಲಿ ಮಾಡಿ" ಎಂದರು. ಬೇರೆ ಮನೆ ಹುಡುಕಿದೆ. ನನ್ನ ಕಸುಬು ಕೇಳಿದ ಕೂಡಲೇ ಎಲ್ಲ ಬಾಗಿಲೂ ಮುಚ್ಚಿದವು. ಈ ಕೋಣೆ ಹೋದರೆ ಕೂತು ಕಷ್ಟ ಹೇಳಿಕೊಳ್ಳಲು ಜನಕ್ಕೆ ಇನ್ನೊಂದು ಜಾಗವಿಲ್ಲ.

ಹಾಗೆಂದು ಆ ಜನಕ್ಕೆ ಧೈರ್ಯವಾದರೂ ಇತ್ತೇ? ಮುಂಬಾಗಿಲಲ್ಲಿ ಬಂದರೆ ಬೀದಿ ನೋಡುತ್ತದೆಂದು, ಪೂಜೆಗೆ ಹೂವು ಕೀಳುವ ನೆಪದಲ್ಲಿ ಬುಟ್ಟಿ ಹಿಡಿದು ಹಿತ್ತಲ ಗೇಟಿನಿಂದ ಬರುತ್ತಿದ್ದರು. ನೆಪ ನಿಜ ಮಾಡಲು ಹೋಗುವಾಗ ಹೂವನ್ನೂ ಕಿತ್ತುಕೊಂಡು ಹೋಗುತ್ತಿದ್ದರು. ನನ್ನ ಕಣಗಿಲೆ ಗಿಡ ಬೋಳಾಯಿತು.

ಒಂದು ಬೆಳಿಗ್ಗೆ ಓನರ ಹೆಂಡತಿ ನನ್ನ ಕೋಣೆಯಲ್ಲಿ ಮಾತು ಮುಗಿಸಿ, ಬುಟ್ಟಿ ಹಿಡಿದು ಹಿತ್ತಲಿಗೆ ಇಳಿದರು; ನಾನೂ ಹಿತ್ತಲ ಬಾಗಿಲವರೆಗೆ ಬಂದೆ. ಎದುರಿಗೆ ಗೇಟು ತೆಗೆದು ಬಂದವರು ಸ್ವತಃ ಓನರು. ಅವರ ಕೈಯಲ್ಲೂ ಬುಟ್ಟಿ!

"ನೀನ್ಯಾಕೆ ಇಲ್ಲಿ?"

"ಹೂವಿಗೆ. ನೀವು?"

"ನಾನೂ ಹೂವಿಗೇ."

ಗಿಡದಲ್ಲಿ ಒಂದು ಮೊಗ್ಗೂ ಇರಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಕೊನೆಗೆ ಓನರು ಸೋತು, "ನಂಗೆ ನಿದ್ದೆ ಬರ್ತಿಲ್ಲ ಕಣೇ, ಅದಕ್ಕೆ ಬಂದೆ. ನಿಂಗೇನೇ ಕಾಯಿಲೆ?" ಎಂದರು.

"ನಂಗೆಂಥ ಕಾಯಿಲೆ? ನಿಮ್ ವಿಷಯ ಹೇಳ್ಕೊಳ್ಳೋಕೆ ಬರ್ತೀನಿ. ಮದುವೆ ದಿನದಿಂದ ಶುರು ಮಾಡಿ, ಈಗಿನ್ನೂ ದೊಡ್ಡ ಮಗ ಹುಟ್ಟಿದ್ದಕ್ಕೆ ಬಂದಿದ್ದೀನಿ. ನಾನು ಪೂರ್ತಿ ಹೇಳಿ ಮುಗಿಸೋವರೆಗೂ ಇವರು ಮನೆ ಖಾಲಿ ಮಾಡೋ ಹಾಗಿಲ್ಲ, ಹೇಳಿದ್ದೀನಿ!"