ಮೂಲೆ ಮೇಜಿನ ಉಪ್ಪಿನ ಬಾಟಲಿ

ಫ್ಯಾನಿನ ಗಾಳಿಗೆ ಹಾರುವ ಪೇಪರಿನ ಮೇಲೆ ಏನಾದರೊಂದು ಭಾರ ಇಡೋಣ ಎಂದುಕೊಂಡದ್ದಷ್ಟೇ ‘ಆಗಲಿ ಸಾರ್’ ಮಾಡಿದ ತಪ್ಪು. ಅಷ್ಟಕ್ಕೇ ಅವರು ಸಂಜೆಯೊಳಗೆ ದೊಡ್ಡ ಹೋರಾಟಗಾರರಾಗಿಬಿಟ್ಟರು.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ನೀರಿನ ಮೀಟರ್ ರಿಪೇರಿ ಮಾಡುವ ಆ ಸರ್ಕಾರಿ ವರ್ಕ್‌ಶಾಪಿನಲ್ಲಿ ಅದು ಯಾರಿಗೂ ನೆನಪಿರಲಿಲ್ಲ. ಯಾರು ಏನು ಹೇಳಿದರೂ ಅವರ ಉತ್ತರ ಒಂದೇ. ಇವತ್ತು ಸ್ವಲ್ಪ ತಡವಾಗಿ ಹೋಗಿ ಅಂದರೆ ಆಗಲಿ, ನನ್ನ ಪಾಲಿನ ಮೀಟರನ್ನೂ ನೀವೇ ಬಿಚ್ಚಿ ಅಂದರೆ ಆಗಲಿ, ನಿಮ್ಮ ಸ್ಕ್ರೂಡ್ರೈವರ್ ಕಳೆದುಬಿಟ್ಟೆ ಅಂದರೂ ಆಗಲಿ. ಹೀಗಾಗಿ ಸಹೋದ್ಯೋಗಿಗಳು ಆ ಮಾತನ್ನೇ ಹೆಸರು ಮಾಡಿ, ಮರ್ಯಾದೆಗೆ ಒಂದು ಸಾರ್ ಅಂಟಿಸಿದ್ದರು.

ಆ ದಿನ ಬೆಳಿಗ್ಗೆ ಮ್ಯಾನೇಜರು ಅವರನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಪಿಸುದನಿಯಲ್ಲಿ ಒಂದು ಸಿಹಿಸುದ್ದಿ ಹೇಳಿದ್ದರು. ಆಗಲಿ ಸಾರ್ ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದಾಗಿನಿಂದ ಗಂಡ ಹೆಂಡಿರು ಕೂಡಿ ಕಳೆದದ್ದೆಲ್ಲ ಬರೀ ಭಾನುವಾರಗಳು. ಅಲ್ಲಿಗೆ ವರ್ಗ ಮಾಡಿ ಎಂದು ಅವರು ಬೇಡಿಕೊಳ್ಳುತ್ತಲೇ ಇದ್ದರು. ಈಗ ಅದೇ ಊರಿನ ವರ್ಕ್‌ಶಾಪಿನಲ್ಲಿ ಒಂದು ಜಾಗ ಖಾಲಿಯಾಗಿತ್ತು.

“ಸಂಜೆಯೊಳಗೆ ನಿಮ್ಮ ವರ್ಗಾವಣೆಗೆ ಸಹಿ ಹಾಕ್ತೀನಿ. ಆ ಜಾಗದ ಮೇಲೆ ಬೇರೆಯವರೂ ಕಣ್ಣಿಟ್ಟಿದ್ದಾರೆ, ಯಾರ ಹತ್ರಾನೂ ಬಾಯಿ ಬಿಡಬೇಡಿ. ಯಾವ ಗಲಾಟೆಗೂ ಸಿಕ್ಕಿಕೊಳ್ಳಬೇಡಿ.”

ಆಗಲಿ ಸಾರ್ ಆಗಲಿ ಅಂದರು. ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಆ ಮಾತು ಅವರ ಬಾಯಿಂದ ಹೊರಟಿದ್ದಿಲ್ಲ. ಹೆಂಡತಿಗೆ ಫೋನ್ ಮಾಡಿ ಹೇಳಿದಾಗ ಆಕೆ ಆ ಕಡೆಯಿಂದ ಮೂಗೆಳೆದುಕೊಂಡದ್ದು ಕೇಳಿಸಿತು. ಆಮೇಲೆ, ಬೀರುವಿನಲ್ಲಿ ಅರ್ಧ ಜಾಗ ಖಾಲಿ ಮಾಡಿಡುತ್ತೇನೆ ಅಂದಳು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಮ್ಮ ಎಂದಿನ ಮೂಲೆ ಮೇಜಿಗೆ ಬಂದು ಕೂತರು. ಡಾಕ್ಟರು ರಕ್ತದೊತ್ತಡ ನೋಡಿ ಗದರಿದ ಮೇಲೆ ಅವರದು ಮನೆಯಿಂದ ತಂದ ಸಪ್ಪೆ ಊಟ. ಕಾಯಿಲೆಯ ಸುದ್ದಿ ಹೇಳಿಕೊಳ್ಳಲು ನಾಚಿಕೆಯಾಗಿ ಒಬ್ಬರೇ ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದರು. ಜೊತೆಗೆ ಪೇಪರಿನ ಪದಬಂಧ ಬಿಡಿಸುವ ಚಟ. ಆ ಮೇಜಿನ ಮೇಲೊಂದು ದಪ್ಪ ಗಾಜಿನ ಉಪ್ಪಿನ ಬಾಟಲಿ ಇರುತ್ತಿತ್ತು, ಪೇಪರು ಹಾರದಂತೆ ಅದನ್ನು ಮೇಲಿಡುತ್ತಿದ್ದರು. ಇವತ್ತು ಅದು ಇರಲಿಲ್ಲ. ಪೇಪರು ಹಾರಿ ಪಕ್ಕದ ಮೇಜಿನವರ ತಟ್ಟೆಗೆ ಬಿತ್ತು.

ಬಾಟಲಿ ಎಲ್ಲಿ ಎಂದು ಕ್ಯಾಂಟೀನಿನವನನ್ನು ಕೇಳಿದರು. ಅವನು ಗೋಡೆ ತೋರಿಸಿದ. ಜನ ಅಳತೆ ಮೀರಿ ಉಪ್ಪು ತಿನ್ನುತ್ತಿರುವುದರಿಂದ ಇನ್ನು ಮುಂದೆ ಕ್ಯಾಂಟೀನುಗಳ ಮೇಜಿನ ಮೇಲೆ ಉಪ್ಪು ಇಡಕೂಡದು, ಅಡಿಗೆಗೂ ತೂಕ ಮಾಡಿಯೇ ಹಾಕಬೇಕು ಎಂದು ಸರ್ಕಾರದ ಹೊಸ ಆಜ್ಞೆ ಅಂಟಿಸಿತ್ತು. ಬಾಟಲಿಗಳೆಲ್ಲ ಕಪಾಟಿನೊಳಗೆ, ಕಪಾಟಿಗೆ ಬೀಗ.

“ಅಲ್ಲಪ್ಪಾ, ಅದು ಇಷ್ಟು ವರ್ಷದಿಂದ ನನ್ನ ಮೇಜಿನ ಮೇಲೇ ಇತ್ತಲ್ಲ” ಅಂದರು ಆಗಲಿ ಸಾರ್, ತಮ್ಮಷ್ಟಕ್ಕೆ ತಾವೇ ಎಂಬಂತೆ.

ಅಷ್ಟು ಸಾಕಾಯಿತು. ಪಕ್ಕದ ಮೇಜಿನಲ್ಲಿ ತಟ್ಟೆಯಿಂದ ಪೇಪರು ತೆಗೆಯುತ್ತಿದ್ದವರು ನೌಕರರ ಸಂಘದ ಕಾರ್ಯದರ್ಶಿ. ಬಹಳ ದಿನದಿಂದ ಹೋರಾಡಲು ಒಂದು ಸಮಸ್ಯೆಯೂ ಸಿಗದೆ ಅವರ ಗಂಟಲು ತುಕ್ಕು ಹಿಡಿದಿತ್ತು. ಸಪ್ಪೆ ಪಲ್ಯ ನುಂಗಿ ಮೊದಲೇ ಕೆರಳಿದ್ದರು ಬೇರೆ.

“ಕೇಳಿದ್ರಾ? ಬಾಯಿಲ್ಲದ ಮನುಷ್ಯನಿಗೂ ಬಾಯಿ ಬರೋ ಹಾಗೆ ಮಾಡಿದೆ ಸರ್ಕಾರ! ನನ್ನ ನಾಲಗೆ ನಂದು. ಅದರ ಮೇಲೆ ಏನಿರಬೇಕು ಅಂತ ಹೇಳೋಕೆ ಇವರು ಯಾರು? ಇವತ್ತು ಉಪ್ಪು, ನಾಳೆ ಸಕ್ಕರೆ, ನಾಡಿದ್ದು ಎಷ್ಟು ಸಲ ಅಗಿಯಬೇಕು ಅಂತಾನೂ ಹೇಳ್ತಾರೆ. ಆಗಲಿ ಸಾರ್, ನಿಮ್ಮ ಪರವಾಗಿ ನಾವು ನಿಲ್ಲಬಹುದಾ?”

ಬಾಯಿ ಅಭ್ಯಾಸ ಬಿಡಲಿಲ್ಲ. ಆಗಲಿ ಎಂದು ಅಂದೇಬಿಟ್ಟರು. ಅಂದಮೇಲೆ ನಾಲಗೆ ಕಚ್ಚಿಕೊಂಡರು.

ಕಾರ್ಯದರ್ಶಿ ಬೆಂಚು ಹತ್ತಿದರು. ಊಟಕ್ಕೆ ಕೂತವರೆಲ್ಲ ಚಮಚದಿಂದ ತಟ್ಟೆ ಬಡಿಯತೊಡಗಿದರು. ಇಡೀ ಕ್ಯಾಂಟೀನಿನಲ್ಲಿ ಅಡ್ಡಮಾತಾಡಿದವರು ಲೆಕ್ಕದ ವಿಭಾಗದ ಮೇಡಂ ಒಬ್ಬರೇ. ತಮ್ಮ ಅಣ್ಣನೂ ಹೀಗೇ ನನ್ನ ನಾಲಗೆ ನನ್ನಿಷ್ಟ ಅನ್ನುತ್ತಿದ್ದ, ಈಗ ಲಕ್ವ ಹೊಡೆದು ಅವನ ಬಲಗೈ ಏಳುವುದಿಲ್ಲ, ನಾಲಗೆ ಅವನದೇ ಆದರೂ ತುತ್ತಿಡುವ ಕೈ ಅತ್ತಿಗೆಯದು ಎಂದು ಅವರು ಹೇಳಿದಾಗ ತಟ್ಟೆಗಳು ಕ್ಷಣ ಸುಮ್ಮನಾದವು. ಆಗಲಿ ಸಾರ್ ಅವರಿಗಂತೂ ಆ ಮಾತು ಕರುಳಿಗೇ ತಾಕಿತು. ಇದೇ ಸಮಯವೆಂದು ಎದ್ದು ನಿಂತು, ನಿಜ ಹೇಳಬೇಕೆಂದರೆ ತಾವು ಉಪ್ಪೇ ತಿನ್ನುವುದಿಲ್ಲ ಎಂದು ಒಪ್ಪಿಕೊಂಡರು.

ಕಾರ್ಯದರ್ಶಿಯ ಕಣ್ಣು ತುಂಬಿತು.

“ತಾವು ತಿನ್ನದೇ ಇದ್ರೂ ಇನ್ನೊಬ್ಬರ ಉಪ್ಪಿಗಾಗಿ ಎದ್ದು ನಿಂತಿದ್ದಾರಲ್ಲ, ಇದಕ್ಕಿಂತ ದೊಡ್ಡತನ ಬೇಕಾ?”

ತಟ್ಟೆಗಳು ಮೊದಲಿಗಿಂತ ಜೋರಾಗಿ ಮೊಳಗಿದವು. ಯಾರೋ ಇಬ್ಬರು ಆಗಲಿ ಸಾರ್ ಅವರನ್ನು ಹೆಗಲ ಮೇಲೆ ಎತ್ತಿಕೊಂಡರು. ಮೇಲೆ ತಿರುಗುತ್ತಿದ್ದ ಫ್ಯಾನಿನಿಂದ ತಲೆ ತಪ್ಪಿಸಿಕೊಳ್ಳಲು ಅವರು ಕೈಯೆತ್ತಿದರೆ, ಅದನ್ನು ಘೋಷಣೆಯೆಂದು ತಿಳಿದು ಎಲ್ಲರೂ ಜಯಕಾರ ಹಾಕಿದರು.

ಅಷ್ಟರಲ್ಲಿ ಮ್ಯಾನೇಜರಿಂದ ಕರೆ ಬಂತು. ವರ್ಗಾವಣೆ ಕೈತಪ್ಪಿತು ಎಂದುಕೊಂಡ ಆಗಲಿ ಸಾರ್ ಒಳಗೆ ಓಡಿಹೋಗಿ, ಪೇಪರು, ಗಾಳಿ, ಬಾಟಲಿ, ಬಾಯಿ ಅಭ್ಯಾಸ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದರು. ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೇಳಿಸಿಕೊಂಡರು. ಹೊರಗೆ ಕೂಗು ಏರುತ್ತಿತ್ತು.

“ನೀವಿಲ್ಲಿದ್ರೆ ಇದು ನಿಲ್ಲಲ್ಲ. ಸಂಜೆವರೆಗೆ ಯಾಕೆ ಕಾಯೋದು? ತಗೊಳ್ಳಿ, ಈಗಲೇ ಹೊರಡಿ. ನಿಮಗೂ ನೆಮ್ಮದಿ, ನನಗೂ ನೆಮ್ಮದಿ” ಎಂದು ಸಹಿ ಗೀಚಿ ಆದೇಶ ಕೈಗಿತ್ತರು.

ಆಗಲಿ ಸಾರ್ ಅವರಿಗೆ ನಂಬಲಾಗಲಿಲ್ಲ. ಹೊರಗಿನ ಗಲಾಟೆಗೆ ಮನಸ್ಸಿನಲ್ಲೇ ಕೈಮುಗಿದರು. ಬೀರುವಿನ ಆ ಅರ್ಧ ಜಾಗದಲ್ಲಿ ತಮ್ಮ ಶರ್ಟುಗಳು ನೇತಾಡುವುದು ಕಣ್ಣಿಗೆ ಕಟ್ಟಿತು. ನಗುನಗುತ್ತ ಬಾಗಿಲು ದಾಟಿದ್ದೇ ತಡ, ಕಾರ್ಯದರ್ಶಿ ಆ ಕಾಗದ ಕಸಿದುಕೊಂಡು ಓದಿದರು.

“ವರ್ಗಾವಣೆ! ಉಪ್ಪು ಕೇಳಿದ್ದಕ್ಕೆ ಊರು ಬಿಡಿಸ್ತಿದ್ದಾರೆ!”

ಇದು ತಾವೇ ಬೇಡಿಕೊಂಡ ವರ್ಗಾವಣೆ ಎಂದು ಆಗಲಿ ಸಾರ್ ಗೋಗರೆದರು. ಪಾಪ, ಬೆದರಿಸಿ ಹೀಗೆ ಹೇಳಿಸುತ್ತಿದ್ದಾರೆ ಎಂದು ಜನ ಮರುಗಿದರು. ಹೆಂಡತಿ ಅಲ್ಲೇ ಇದ್ದಾಳೆ ಅಂದರೆ, ಹೆಂಡತಿಯ ಹೆಸರು ಹಿಡಿದೂ ಹೆದರಿಸಿದ್ದಾರಾ ಅಂದರು. ಕಡೆಗೆ ಅವರು ಲೆಕ್ಕದ ಮೇಡಂ ಕಡೆಗೆ ದೀನವಾಗಿ ನೋಡಿದರು. ಆಕೆಯಾದರೂ ಕೈ ಹಿಡಿದಾರು ಎಂಬ ಆಸೆ. ಮೇಡಂ ಕನ್ನಡಕ ಸರಿಮಾಡಿಕೊಂಡು, ಉಪ್ಪಿನ ವಿಷಯದಲ್ಲಿ ತಮ್ಮ ಮಾತು ತಮಗೆ, ಆದರೆ ಅನ್ಯಾಯ ಅನ್ಯಾಯವೇ ಎಂದು ಹೇಳಿ ಮ್ಯಾನೇಜರ ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ಕೂತರು.

ಕೆಲಸ ನಿಂತಿತು. ಬಿಚ್ಚಿದ ಮೀಟರುಗಳು ಬಿಚ್ಚಿದ ಹಾಗೇ ಉಳಿದವು. ಮ್ಯಾನೇಜರು ಮೇಲಿನವರಿಗೆ ಫೋನ್ ಮಾಡಿದರು, ಮೇಲಿನವರು ಅವರಿಗಿಂತ ಮೇಲಿನವರಿಗೆ ಮಾಡಿದರು. ಉಪ್ಪಿನ ಆಜ್ಞೆ ಸಡಿಲಿಸಲು ಸಾಧ್ಯವೇ ಇಲ್ಲ ಎಂದು ಉತ್ತರ ಬಂತು, ಆದರೆ ಏನಾದರೊಂದು ಕೊಟ್ಟು ಗಲಾಟೆ ನಿಲ್ಲಿಸಿ ಎಂದೂ ಬಂತು. ಕೊಡಲು ಮ್ಯಾನೇಜರ ಹತ್ತಿರ ಇದ್ದದ್ದು ಒಂದೇ.

ಸಂಜೆ ಕಾರ್ಯದರ್ಶಿ ಬೆವರೊರೆಸುತ್ತ ಆಗಲಿ ಸಾರ್ ಹತ್ತಿರ ಬಂದು ಬೆನ್ನು ತಟ್ಟಿದರು.

“ಉಪ್ಪು ಸಿಗಲಿಲ್ಲ, ಹೋಗಲಿ. ನಿಮ್ಮ ವರ್ಗಾವಣೆ ರದ್ದು ಮಾಡಿಸಿದ್ದೀವಿ. ನಿವೃತ್ತಿ ಆಗೋವರೆಗೆ ನಿಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡಿಸೋ ಹಾಗಿಲ್ಲ, ಬರೆಸಿಕೊಂಡಿದ್ದೀವಿ.”

ಆಗಲಿ ಸಾರ್ ಅವರ ಬಾಯಿಂದ ಮೊದಲ ಬಾರಿಗೆ ಆಗಲಿ ಎಂಬ ಮಾತು ಹೊರಡಲಿಲ್ಲ. ಕಿಸೆಯಲ್ಲಿ ಫೋನು ರಿಂಗಾಯಿತು. ಹೆಂಡತಿ. ಅದನ್ನು ಹಿಡಿದು ಅವರು ಸುಮ್ಮನೆ ನಿಂತದ್ದನ್ನು ಕಂಡು, ಭಾವುಕರಾಗಿದ್ದಾರೆ ಎಂದುಕೊಂಡ ಕಾರ್ಯದರ್ಶಿ ತಾವೇ ಫೋನು ಇಸಿದುಕೊಂಡರು.

“ಅಕ್ಕಾ, ನೀವೇನೂ ಚಿಂತೆ ಮಾಡಬೇಡಿ. ನಾವಿರೋವರೆಗೂ ನಿಮ್ಮ ಯಜಮಾನರನ್ನ ಆ ಊರಿಗೆ ಕಳಿಸೋದಿಲ್ಲ.”

ಆ ಕಡೆಯ ಮಾತನ್ನು ಕಾರ್ಯದರ್ಶಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದರು. ಇನ್ನೂ ದೂರ ಹಿಡಿದರು. ಕೊನೆಗೆ ಅದನ್ನು ಮೆಲ್ಲಗೆ ಆಗಲಿ ಸಾರ್ ಕೈಗೆ ಕೊಟ್ಟು, “ನೀವೇ ಮಾತಾಡಿ ಸಾರ್. ನಿಮ್ಮ ಮನೆಯವರನ್ನೂ ಆ ಮ್ಯಾನೇಜರು ಹೆದರಿಸಿಟ್ಟ ಹಾಗಿದೆ” ಎಂದರು.